ಕಾನೂನು ಪ್ರಶ್ನೋತ್ತರ: ಕೆಲಸಕ್ಕೆ ಬರುವವರ, ಬಾಡಿಗೆಗೆ ಬರುವವರ ಪೂರ್ವಾಪರ ವಿಚಾರಣೆ

ಪ್ರಶ್ನೆ: ಪೀಣ್ಯದಲ್ಲಿ 14 ಮಂದಿ ದುಡಿಯುವ ಸಣ್ಣ ಕಾರ್ಖಾನೆ ನಡೆಸುತ್ತಿದ್ದೇನೆ. ಲೆಕ್ಕಪತ್ರ ನೋಡಿಕೊಳ್ಳಲು ಒಬ್ಬರನ್ನು ನೇಮಿಸಿಕೊಳ್ಳಬೇಕಾಗಿದೆ. ಅರ್ಜಿದಾರರ ಅಂಕಪಟ್ಟಿ, ಹಿಂದಿನ ನೌಕರಿ, ಕೋರ್ಟು ಕೇಸು, ಸಿಬಿಲ್ ಸ್ಕೋರು (ಸಾಲ ತೀರಿಸಿದ ಚರಿತ್ರೆಗೆ ಕೊಡುವ ಅಂಕ) ಎಲ್ಲವನ್ನೂ ಅವರಿಗೆ ಗೊತ್ತಾಗದಂತೆ ತೆಗೆದುಕೊಡುತ್ತೇವೆಂದು ಒಂದು ಏಜೆನ್ಸಿಯವರು ಹೇಳುತ್ತಿದ್ದಾರೆ. ಒಪ್ಪಿಕೊಳ್ಳಬಹುದೇ? – ಓದುಗರು, ಬೆಂಗಳೂರು

ಉತ್ತರ: ಹಣಕಾಸಿನ ಕೀಲಿಕೈ ಕೊಡುವ ಮುನ್ನ ವಿಚಾರಿಸುವುದು ನಿಮ್ಮ ಹಕ್ಕು. ಆದರೆ "ಅವರಿಗೆ ಗೊತ್ತಾಗದಂತೆ" ಎಂಬ ಮಾತು ಕೇಳಿದ ಕೂಡಲೇ ಆ ಏಜೆನ್ಸಿಯನ್ನು ದೂರವಿಡುವುದು ಒಳ್ಳೆಯದು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅದರ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಸಂಸ್ಥೆಗಳ ಮೇಲೆ ಹೊಣೆ ಹೊರಿಸುವ ಮುಖ್ಯ ಕಲಂಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಕಾಯುತ್ತ ಕೂರದೆ ಈಗಲೇ ಅದರಂತೆ ನಡೆಯುವುದು ಜಾಣತನ. ಏಕೆಂದರೆ ಬ್ಯಾಂಕ್ ವಿವರ, ವೈದ್ಯಕೀಯ ದಾಖಲೆಗಳಂಥ ಸೂಕ್ಷ್ಮ ಮಾಹಿತಿಯನ್ನು ಕಂಪನಿಗಳು ಸಂಗ್ರಹಿಸಲು ಲಿಖಿತ ಒಪ್ಪಿಗೆ ಬೇಕೆಂಬ ನಿಯಮ 2011ರಿಂದಲೇ ಇದೆ.

ನೇಮಕವಾದ ನೌಕರನ ವಿಷಯದಲ್ಲಿ ಹೊಸ ಕಾಯ್ದೆ ಉದ್ಯೋಗದಾತನಿಗೆ ಒಪ್ಪಿಗೆಯಿಲ್ಲದೆಯೂ ಕೆಲವು ಅವಕಾಶಗಳನ್ನು ಕೊಡುತ್ತದೆ. ಅರ್ಜಿದಾರ ಇನ್ನೂ ನೌಕರನಲ್ಲ, ಆದ್ದರಿಂದ ಆ ವಿನಾಯಿತಿಯನ್ನು ನೆಚ್ಚಿಕೊಳ್ಳದೆ ಸ್ಪಷ್ಟ ಒಪ್ಪಿಗೆ ಪಡೆಯಿರಿ. ಯಾವ ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬುದನ್ನು ತಿಳಿಸುವ ಸೂಚನಾಪತ್ರ ಪ್ರತ್ಯೇಕವಾಗಿರಲಿ. ನೇಮಕಾತಿ ಪತ್ರದ ಹನ್ನೊಂದನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ತುರುಕಿದ ಒಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿರುವ ಯಾವುದೇ ಭಾಷೆಯಲ್ಲಿ ಈ ಸೂಚನೆಯನ್ನು ಓದುವ ಆಯ್ಕೆ ಅರ್ಜಿದಾರನಿಗಿದೆ, ಅಂದರೆ ಕನ್ನಡದಲ್ಲಿ ಬೇಕೆಂದರೆ ಕೊಡಬೇಕು. (ಬೆಂಗಳೂರಿನ ಎಷ್ಟು ಕಂಪನಿಗಳು ಇದಕ್ಕೆ ಸಿದ್ಧವಾಗಿವೆಯೋ, ನೋಡಬೇಕು.) ಏಜೆನ್ಸಿಯ ಮೂಲಕ ಮಾಡಿಸಿದರೂ ಕಾಯ್ದೆಯ ಕಣ್ಣಿಗೆ ಹೊಣೆಗಾರರು ನೀವೇ. ನೇಮಿಸಿಕೊಳ್ಳದವರ ಕಡತವನ್ನು ಕೆಲಸ ಮುಗಿದ ಮೇಲೆ ಅಳಿಸಿಹಾಕಿ.

ಸಿಬಿಲ್ ವರದಿಯ ಮಾತು ಬೇರೆ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಪ್ರಕಾರ ಅದನ್ನು ನೋಡಲು ಬ್ಯಾಂಕುಗಳಂಥ ನಿರ್ದಿಷ್ಟ ಬಳಕೆದಾರರಿಗಷ್ಟೇ ಅವಕಾಶ. ಕಾರ್ಖಾನೆಯ ಮಾಲೀಕರು ಆ ಪಟ್ಟಿಯಲ್ಲಿಲ್ಲ. ಅನಧಿಕೃತವಾಗಿ ತೆಗೆದರೆ 1 ಲಕ್ಷ ರೂಪಾಯಿಯವರೆಗೆ ದಂಡವಿದೆ.

ಇನ್ನು ಕೋರ್ಟು ಕೇಸು. ಇ-ಕೋರ್ಟ್ಸ್ ಜಾಲತಾಣದಲ್ಲಿ ಹೆಸರು ಹಾಕಿ ಯಾರಾದರೂ ಹುಡುಕಬಹುದು, ಅದರಲ್ಲಿ ಗುಟ್ಟೇನೂ ಇಲ್ಲ. ಆದರೆ ನಮ್ಮ ಕಡೆಯ ಹೆಸರುಗಳನ್ನು ಯೋಚಿಸಿ ನೋಡಿ: ಒಂದೇ ತಾಲ್ಲೂಕಿನಲ್ಲಿ ಎಷ್ಟು ಮಂಜುನಾಥರು, ಎಷ್ಟು ಲಕ್ಷ್ಮಮ್ಮಂದಿರು! ಇನಿಷಿಯಲ್ ಒಂದೊಂದು ದಾಖಲೆಯಲ್ಲಿ ಒಂದೊಂದು ಕಡೆ, ತಂದೆಯ ಹೆಸರು ಕೆಲವೊಮ್ಮೆ ಇರುವುದೇ ಇಲ್ಲ. ಹೆಸರು ಕೂಡಿಬಂದ ಮಾತ್ರಕ್ಕೆ ಮನುಷ್ಯ ಅವನೇ ಎಂದು ತೀರ್ಮಾನಿಸದೆ, ತಂದೆಯ ಹೆಸರು, ಊರು, ವಯಸ್ಸು ತಾಳೆ ನೋಡಿ, ನಂತರ ಅವರನ್ನೇ ಕರೆದು ಕೇಳಿ. ಇಂಥ ತಪ್ಪು ತಾಳೆಯಿಂದ ಕೆಲಸ ತಪ್ಪಿಸಿಕೊಂಡವರು ನನ್ನ ಕಚೇರಿಯ ಮೆಟ್ಟಿಲು ಹತ್ತಿದ್ದಾರೆ.

ಪ್ರಶ್ನೆ: ಐದು ವರ್ಷಗಳ ಹಿಂದೆ ಹೊಲದ ಬದುವಿನ ಜಗಳದಲ್ಲಿ ನನ್ನ ಮೇಲೂ ಐಪಿಸಿ 323, 504, 506ರಡಿ (ಹೊಡೆತ, ಅವಮಾನ, ಬೆದರಿಕೆ) ಕೇಸಾಗಿ, ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಈಗ ಸರ್ಕಾರಿ ಕೆಲಸಕ್ಕೆ ಆಯ್ಕೆಯಾಗಿದ್ದೇನೆ. ಹಿಂದಿನ ಕೇಸುಗಳ ಬಗ್ಗೆ ಕೇಳುವ ದೃಢೀಕರಣ ನಮೂನೆಯಲ್ಲಿ "ಇಲ್ಲ" ಎಂದು ಬರೆಯಬಹುದೇ? – ಓದುಗರು, ಹಾಸನ

ಉತ್ತರ: ಬರೆಯಬೇಡಿ. ರಾಜಿಯಾದ ಅಪರಾಧಕ್ಕೆ ಖುಲಾಸೆಯ ಪರಿಣಾಮವೇ ಇದೆ ಎಂಬುದು ನಿಜ. ಆದರೆ "ನಿಮ್ಮ ಮೇಲೆ ಎಂದಾದರೂ ಪ್ರಕರಣ ದಾಖಲಾಗಿತ್ತೇ" ಎಂದು ನಮೂನೆ ಕೇಳಿದ್ದರೆ ಉತ್ತರ "ಹೌದು" ಎಂದೇ ಆಗಬೇಕು. ಜೊತೆಗೆ ರಾಜಿ ಆದೇಶದ ದೃಢೀಕೃತ ಪ್ರತಿಯನ್ನು ಲಗತ್ತಿಸಿ. ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಹೇಳಿದ್ದು ಇದನ್ನೇ: ಕೇಳಿದ್ದಕ್ಕೆ ನಿಜ ಹೇಳಬೇಕು, ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದ್ದನ್ನು ಹೇಳಲಿಲ್ಲವೆಂದು ದೂಷಿಸುವಂತಿಲ್ಲ, ಕ್ಷುಲ್ಲಕ ಪ್ರಕರಣವನ್ನು ಮುಚ್ಚಿಟ್ಟಿದ್ದರೂ ನೇಮಕಾತಿ ಪ್ರಾಧಿಕಾರ ವಿವೇಚನೆ ಬಳಸಿ ಮನ್ನಿಸಬಹುದು. ನಿಜ ಹೇಳಿದವನ ಪೂರ್ವಾಪರವನ್ನು ಪರಿಗಣಿಸುವ ಹಕ್ಕೂ ಪ್ರಾಧಿಕಾರಕ್ಕೆ ಉಳಿದೇ ಇರುತ್ತದೆ, ಆದರೆ ನಿಮ್ಮದು ನೈತಿಕ ಅಧಃಪತನದ ಅಪರಾಧವಲ್ಲ. ನನ್ನ ಅನುಭವದಲ್ಲಿ ಇಂಥ ಕೇಸುಗಳಲ್ಲಿ ಕೆಲಸ ಕಳೆಯುವುದು ಜಗಳವಲ್ಲ, ಮುಚ್ಚಿಟ್ಟ ಉತ್ತರ.

ಘಟನೆ ನಡೆದಾಗ ನಿಮಗೆ 18 ತುಂಬಿರಲಿಲ್ಲವಾದರೆ ಲೆಕ್ಕವೇ ಬೇರೆ. 2015ರ ಬಾಲನ್ಯಾಯ ಕಾಯ್ದೆ ಇಂಥ ಪ್ರಕರಣಗಳಿಂದ ಅನರ್ಹತೆ ತಟ್ಟದಂತೆ ಕಾಪಾಡುತ್ತದೆ. ಮುಗಿದುಹೋದ ಪ್ರಕರಣದ ದಾಖಲೆಯನ್ನು ನಡತೆ ಪ್ರಮಾಣಪತ್ರಕ್ಕಾಗಿ ಪೊಲೀಸರು ಬಹಿರಂಗಪಡಿಸುವಂತಿಲ್ಲ.

ಪ್ರಶ್ನೆ: ಮೈಸೂರಿನಲ್ಲಿ ಮಹಡಿ ಮನೆ ಬಾಡಿಗೆಗೆ ಕೊಡಬೇಕು. ಆಧಾರ್ ಪ್ರತಿ ಕೇಳಬಹುದೇ? ಪೊಲೀಸರಿಗೆ ತಿಳಿಸಲೇಬೇಕೇ? – ಓದುಗರು, ಮೈಸೂರು

ಉತ್ತರ: ಗುರುತಿನ ಚೀಟಿ ಕೇಳಬಹುದು, ಆಧಾರನ್ನೇ ಕೊಡಬೇಕೆಂದು ಹಟ ಹಿಡಿಯುವಂತಿಲ್ಲ. ಮತದಾರರ ಚೀಟಿ, ಚಾಲನಾ ಪರವಾನಗಿ ಸಾಕು. ಆಧಾರ್ ಕೊಟ್ಟರೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿಯನ್ನೇ ಪಡೆಯಿರಿ, ಅದನ್ನು ಬ್ರೋಕರನ ವಾಟ್ಸ್‌ಆ್ಯಪಿಗೆ ಕಳಿಸಬೇಡಿ. ನಿಮ್ಮ ಊರಿನ ಪೊಲೀಸ್ ಆಯುಕ್ತರು ಬಾಡಿಗೆದಾರರ ವಿವರ ಒಪ್ಪಿಸುವಂತೆ ಆದೇಶ ಹೊರಡಿಸಿದ್ದರೆ ಪಾಲಿಸಲೇಬೇಕು, ಇಲ್ಲವಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 223ರಡಿ ಕ್ರಮ ಜರುಗಿಸಬಹುದು. ಆದೇಶ ಈಗ ಚಾಲ್ತಿಯಲ್ಲಿದೆಯೇ ಎಂದು ಠಾಣೆಯಲ್ಲಿ ಕೇಳಿಕೊಳ್ಳಿ. ಬಾಡಿಗೆಗೆ ಬರುವವರು ವಿದೇಶಿಯರಾದರೆ ನಿಗದಿತ ನಮೂನೆಯಲ್ಲಿ 24 ಗಂಟೆಯೊಳಗೆ ಮಾಹಿತಿ ಕೊಡಬೇಕು.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಮ್ಮಲ್ಲಿ ಮನೆ ನೋಡಲು ಬಂದವರಿಗೆ ಮೊದಲು ಎದುರಾಗುವ ಪ್ರಶ್ನೆ "ನಿಮ್ಮದು ಯಾವ ಜನ?" ಎಂಬುದು. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆ ನಿರಾಕರಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಎಚ್‌ಐವಿ ಸೋಂಕಿತರಿಗೆ 2017ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಬಾಡಿಗೆ ಮನೆ ಹಾಗೂ ಉದ್ಯೋಗ ಎರಡರಲ್ಲೂ ರಕ್ಷಣೆ ನೀಡಿವೆ.

ಪ್ರಶ್ನೆ: ಹೊಸ ಕಂಪನಿಯ ಪರವಾಗಿ ಪೂರ್ವಾಪರ ವಿಚಾರಿಸುವ ಬಿಜಿವಿಯವರು ನನ್ನ ಪಿಎಫ್ ಖಾತೆಯ ಓಟಿಪಿಯನ್ನು ಫೋನಿನಲ್ಲಿ ಹೇಳಿ ಎನ್ನುತ್ತಾರೆ. – ಓದುಗರು, ಹುಬ್ಬಳ್ಳಿ

ಉತ್ತರ: ಹೇಳಬೇಡಿ. ಸೇವಾ ಇತಿಹಾಸದ ಪುಟವನ್ನು ನೀವೇ ಇಳಿಸಿಕೊಂಡು, ಕಂಪನಿಯ ಅಧಿಕೃತ ಇಮೇಲಿಗೆ ಕಳಿಸಿಕೊಡಿ.