ಒರಟು ಸದ್ದಿನ ತಟ್ಟೆಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಬತ್ತರ ದಶಕದ ಇಂಗ್ಲೆಂಡಿನ ಕ್ರಸ್ಟ್ ಪಂಕ್ ಮತ್ತು ಅದರ ಬೆನ್ನಿಗೇ ಬಂದ ಇಂಡಸ್ಟ್ರಿಯಲ್ ಮೆಟಲ್ ಎಂಬ ಎರಡು ಬಗೆಯ ಒರಟು ರಾಕ್ ಸಂಗೀತದ ತಟ್ಟೆಗಳ, ಅಂದರೆ ಗ್ರಾಮಫೋನ್ ರೆಕಾರ್ಡುಗಳ ಬಗ್ಗೆ. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದನ್ನೇ ಇಟ್ಟುಕೊಂಡಿದ್ದೇವೆ.

ಕ್ರಸ್ಟ್ ಅಂದರೆ ಪಂಕ್, ಇಂಡಸ್ಟ್ರಿಯಲ್ ಅಂದರೆ ಯಂತ್ರದ ಸದ್ದು. ಅಂಗಡಿಯಲ್ಲಿ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಡುತ್ತಾರಲ್ಲ, ಯಾಕೆ? ಯಾವುದರಿಂದ ಕೇಳಲು ಶುರು ಮಾಡಲಿ?
ಪಿ.ಎಸ್., ಮೈಸೂರು

ಅಂಗಡಿಯವರ ಲೆಕ್ಕ ಸರಿಯಾಗಿಯೇ ಇದೆ. ಕ್ರಸ್ಟ್ ಬಳಗದಿಂದ ಬಂದ ನೇಪಾಮ್ ಡೆತ್ ತಂಡದ 'ಸ್ಕಮ್' (1987, ಇಯರೇಕ್ ಕಂಪನಿ, ತಟ್ಟೆಯ ಸಂಖ್ಯೆ ಮಾಶ್ 3) ತಟ್ಟೆಯನ್ನು ತೆಗೆದುಕೊಳ್ಳಿ. ಹೆಸರು ಒಂದೇ ಆದರೂ ಎರಡು ಮುಖಗಳಲ್ಲಿ ನುಡಿಸಿದವರು ಬೇರೆ ಬೇರೆ. ಮೊದಲ ಮುಖದ 12 ಹಾಡು 1986ರ ಆಗಸ್ಟ್‌ನಲ್ಲಿ, ಎರಡನೆಯ ಮುಖದ 16 ಹಾಡು 1987ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ರಿಚ್ ಬಿಚ್ ಸ್ಟುಡಿಯೋದಲ್ಲಿ ಮುದ್ರಣವಾದವು. ಎರಡೂ ಕಡೆ ಇರುವುದು ಡ್ರಮ್ಮರ್ ಮಿಕ್ ಹ್ಯಾರಿಸ್ ಒಬ್ಬರೇ. ಮೊದಲ ಮುಖದಲ್ಲಿ ಗಿಟಾರ್ ನುಡಿಸಿದ ಜಸ್ಟಿನ್ ಬ್ರಾಡ್ರಿಕ್ 1988ರಲ್ಲಿ ಜಿ.ಸಿ. ಗ್ರೀನ್ ಜೊತೆ ಗಾಡ್‌ಫ್ಲೆಶ್ ಎಂಬ ಇಂಡಸ್ಟ್ರಿಯಲ್ ತಂಡ ಕಟ್ಟಿದರು. ಡ್ರಮ್ಮರ್ ಕೂರುವ ಜಾಗದಲ್ಲಿ ಅಲೆಸಿಸ್ ಎಚ್‌ಆರ್-16 ಎಂಬ ಡ್ರಮ್ ನುಡಿಸುವ ಯಂತ್ರ ಬಂತು. 1989ರಲ್ಲಿ 'ಸ್ಟ್ರೀಟ್‌ಕ್ಲೀನರ್' (ಮಾಶ್ 15) ಹೊರಬಂತು. ಊರು ಅದೇ, ಗಿಟಾರ್ ಹಿಡಿದ ಕೈ ಅದೇ, ನಡುವೆ ಮೂರೇ ವರ್ಷ.

ಕೇಳುವಾಗ ತಾಳದ ಮೇಲೆ ಕಿವಿ ಇಡಿ. ಕ್ರಸ್ಟ್‌ನಲ್ಲಿ ಡ್ರಮ್ಮರ್ ಮುಂದಕ್ಕೆ ನುಗ್ಗುತ್ತಾನೆ, ಗಿಟಾರ್ ಏದುಸಿರು ಬಿಡುತ್ತಾ ಹಿಂದೆ ಓಡುತ್ತದೆ. ಗಾಡ್‌ಫ್ಲೆಶ್‌ನಲ್ಲಿ ಯಂತ್ರ ಜಪ್ಪಯ್ಯ ಅಂದರೂ ಕದಲುವುದಿಲ್ಲ. ಗಿಟಾರ್ ಮತ್ತು ಬಾಸ್ ಅದಕ್ಕೆ ಜೋತುಬಿದ್ದು ಎಳೆಯುತ್ತವೆ. ಭಾರ ಹುಟ್ಟುವುದು ಆ ಎಳೆತದಿಂದ, ವಾಲ್ಯೂಮಿನಿಂದಲ್ಲ.

ಕ್ರಮ ಹೀಗಿರಲಿ: ಮೊದಲು ಡಿಸ್ಚಾರ್ಜ್‌ನ 'ಹಿಯರ್ ನಥಿಂಗ್ ಸೀ ನಥಿಂಗ್ ಸೇ ನಥಿಂಗ್' (1982). ಕ್ರಸ್ಟ್‌ನವರು ಡಿ-ಬೀಟ್ ಅನ್ನುವ ತಾಳದ ಮೂಲ ಇವರದೇ. ಆಮೇಲೆ ಅಮೆಬಿಕ್ಸ್‌ನ 'ಅರೈಸ್!' (1985), 'ಸ್ಕಮ್' ಮೊದಲ ಮುಖ, 'ಸ್ಟ್ರೀಟ್‌ಕ್ಲೀನರ್'. ಕೊನೆಯದನ್ನು ತಟ್ಟೆಯಲ್ಲೇ ಕೇಳುವುದು ವಾಸಿ. ತಟ್ಟೆಯಲ್ಲಿ 10 ಹಾಡು, ಸಿ.ಡಿ.ಯಲ್ಲಿ 'ಟೈನಿ ಟಿಯರ್ಸ್' ಎಂಬ ಹಾಡುಗುಚ್ಛದ ನಾಲ್ಕನ್ನು ಬಾಲಕ್ಕೆ ಕಟ್ಟಿದ್ದಾರೆ, ಮುಕ್ತಾಯದ ಬಿಗಿ ಸಡಿಲವಾಗುತ್ತದೆ. ಇವು ದಕ್ಕಿದ ಮೇಲೆ ಆಕ್ಸ್‌ಗ್ರೈಂಡರ್‌ನ 'ದ ರೈಸ್ ಆಫ್ ದ ಸರ್ಪೆಂಟ್ ಮೆನ್' (1989), ಅಮೆರಿಕದ ನಾಸಿಯಾ ತಂಡದ 'ಎಕ್ಸ್‌ಟಿಂಕ್ಷನ್' (1990), ಪಿಚ್ ಶಿಫ್ಟರ್‌ನ 'ಇಂಡಸ್ಟ್ರಿಯಲ್' (1991). ಅದೇ ವರ್ಷದ ಸ್ಕಿನ್ ಚೇಂಬರ್‌ನ 'ವೂಂಡ್' ಕೂಡ ಇದೆ, ಆದರೆ ಅದನ್ನು ಒಂದೇ ಕೂತಿನಲ್ಲಿ ಕೇಳಿ ಮುಗಿಸಲು ಗಟ್ಟಿ ಕಿವಿ ಬೇಕು.

'ಅರೈಸ್!' 1985ರ ಮೂಲ ಮುದ್ರಣ ಎಂದು ಒಬ್ಬರು ಮಾರುತ್ತಿದ್ದಾರೆ. ಫೋಟೊ ಕಳಿಸಿದ್ದಾರೆ. ನಂಬಬಹುದೆ?
ಕೆ.ಎನ್., ಬೆಂಗಳೂರು

ಹೊದಿಕೆಯ ಮುಂಭಾಗದ ಫೋಟೊ ಏನನ್ನೂ ಹೇಳುವುದಿಲ್ಲ. ತಟ್ಟೆ ತಂದ ಆಲ್ಟರ್ನೇಟಿವ್ ಟೆಂಟಕಲ್ಸ್ ಕಂಪನಿಯ 'ವೈರಸ್ 46' ಎಂಬ ಸಂಖ್ಯೆ ಕಂಡರೂ ಸಾಲದು; ಮರುಮುದ್ರಣಗಳು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳುವುದು ವಾಡಿಕೆ. ಮೂರು ಫೋಟೊ ಕೇಳಿ: ಹೊದಿಕೆಯ ಹಿಂಭಾಗ, ಎರಡೂ ಲೇಬಲ್, ಮತ್ತು ಕೊನೆಯ ಹಾಡಿನಿಂದ ಲೇಬಲ್‌ವರೆಗಿನ ನುಣ್ಣನೆ ಪಟ್ಟಿ. ಮೂರನೆಯದೇ ಮುಖ್ಯ. ಕಿಟಕಿಯ ಓರೆ ಬೆಳಕಿನಲ್ಲಿ ತೆಗೆಯಲು ಹೇಳಿ, ಫ್ಲ್ಯಾಷ್ ಹಾಕಿದರೆ ಅಕ್ಷರ ಕಾಣುವುದಿಲ್ಲ. ಅಲ್ಲಿ ಕೈಯಿಂದ ಗೀಚಿದ ಅಥವಾ ಅಚ್ಚೊತ್ತಿದ ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ತಟ್ಟೆಯ ಅಚ್ಚನ್ನು ಗುರುತಿಸುವ ಸಂಖ್ಯೆ, ಇರುತ್ತದೆ. ಬ್ರಿಟನ್ನಿನ ಆ ಕಾಲದ ಹಲವು ತಟ್ಟೆಗಳಲ್ಲಿ 'ಎ ಪೋರ್ಕಿ ಪ್ರೈಮ್ ಕಟ್' ಎಂದು ಗೀಚಿರುವುದನ್ನು ಕಾಣಬಹುದು; ಅದು ಗೆರೆ ಕೊರೆದ ಜಾರ್ಜ್ ಪೆಕಮ್ ಅವರ ಗುರುತು. ಅದು ಇಲ್ಲದಿದ್ದ ಮಾತ್ರಕ್ಕೆ ತಟ್ಟೆ ನಕಲಿ ಅಲ್ಲ. ನೀವು ನೋಡಬೇಕಾದದ್ದು, ಮಾರುವವರ ತಟ್ಟೆಯ ಸಂಖ್ಯೆಯೂ ಒಪ್ಪಿತ ಮೂಲ ಪ್ರತಿಯ ಸಂಖ್ಯೆಯೂ ಅಕ್ಷರಕ್ಕೆ ಅಕ್ಷರ ಕೂಡುತ್ತದೆಯೇ ಎಂದು.

ತಕ್ಷಣ ತಳ್ಳಿಹಾಕಬಹುದಾದ ಗುರುತುಗಳೂ ಇವೆ. ಹೊದಿಕೆಯಲ್ಲಿ ವೆಬ್‌ಸೈಟ್ ವಿಳಾಸ ಇದ್ದರೆ ಅದು 1985ರದು ಆಗಿರಲು ಸಾಧ್ಯವೇ ಇಲ್ಲ. '180 ಗ್ರಾಂ' ಎಂಬ ಚೀಟಿ ಇದ್ದರೂ ಅಷ್ಟೆ. ಸಣ್ಣ ಅಕ್ಷರಗಳ ಅಂಚು ಊದಿಕೊಂಡು, ಬೂದು ಭಾಗದಲ್ಲಿ ಚುಕ್ಕಿಗಳು ಅಲೆಯಲೆಯಾಗಿ ಕಂಡರೆ ಹೊದಿಕೆಯನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದ್ದಾರೆ. ಕಳ್ಳಮುದ್ರಣವನ್ನು ಕಿವಿಯಿಂದಲೂ ಹಿಡಿಯಬಹುದು: ಹಾಡು ಶುರುವಾಗುವ ಮುಂಚೆಯೇ ಇನ್ನೊಂದು ತಟ್ಟೆಯ ಚಟಪಟ ಕೇಳಿಸಿ, ಹಾಡು ಮುಗಿದೊಡನೆ ಅದು ಕತ್ತರಿಸಿದಂತೆ ನಿಂತರೆ ತಟ್ಟೆಯಿಂದಲೇ ತಟ್ಟೆಗೆ ಇಳಿಸಿದ್ದು. (ಅಮೆಬಿಕ್ಸ್‌ನ ಗಾಯಕ ರಾಬ್ ಮಿಲ್ಲರ್ ಮುಂದೆ ಸ್ಕೈ ದ್ವೀಪದಲ್ಲಿ ಕತ್ತಿ ಮಾಡುವ ಕಮ್ಮಾರಿಕೆಗೆ ಇಳಿದರು. ಬೆಲೆಗೂ ಇದಕ್ಕೂ ಸಂಬಂಧವಿಲ್ಲ, ಮಾರುವವರು ಹೇಳಿದರೆ ಕೇಳಿ ಸುಮ್ಮನಿರಿ.)

ಕೊಳ್ಳುವುದಾದರೆ ತಟ್ಟೆಯನ್ನು ಹೊದಿಕೆಯಿಂದ ಹೊರಗೆ ತೆಗೆದು, ಹೊದಿಕೆಯ ಹಿಂದೆ ಬೇರೆಯಾಗಿ ಇಟ್ಟು ಕಳಿಸಲು ಹೇಳಿ. ಒಳಗೇ ಇದ್ದರೆ ದಾರಿಯ ಕುಲುಕಾಟಕ್ಕೆ ತಟ್ಟೆಯ ಅಂಚು ಹೊದಿಕೆಯ ಅಂಟನ್ನು ಸೀಳುತ್ತದೆ.

ಈ ಬಗೆಯ ತಟ್ಟೆಗಳು ಕೊನೆಯ ಹಾಡುಗಳಿಗೆ ಬರುವಾಗ ಕರಕರ ಅನ್ನುತ್ತವೆ. ಸಂಗೀತವೇ ಹಾಗೋ, ನನ್ನ ಪ್ಲೇಯರ್ ಕೆಟ್ಟಿದೆಯೋ?
ಎಂ.ಆರ್., ಹುಬ್ಬಳ್ಳಿ

ಗಿಟಾರಿನ ಕರಕರ ಮೊದಲ ಹಾಡಿನಿಂದ ಕೊನೆಯವರೆಗೆ ಒಂದೇ ಸಮ ಇರುತ್ತದೆ. ಒಳಗೆ ಹೋದಷ್ಟೂ ಹೆಚ್ಚಾಗುತ್ತಾ, ಸಿಂಬಲ್ ಉಗುಳಿದಂತೆ ಕೇಳಿಸಿದರೆ ಮುಳ್ಳಿನ ತಪ್ಪು. 33⅓ ಸುತ್ತಿನಲ್ಲಿ ಹೊರ ಅಂಚಿನ ಗೆರೆ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡುತ್ತದೆ, ಲೇಬಲ್ ಹತ್ತಿರ ಸುಮಾರು 21 ಸೆಂ.ಮೀ. ಅದೇ ಸಿಂಬಲ್ಲಿನ ಅಲೆಗಳು ಅರ್ಧಕ್ಕೂ ಕಡಿಮೆ ಜಾಗದಲ್ಲಿ ಒತ್ತಿಕೊಂಡಿರುತ್ತವೆ. ದುಂಡು ತುದಿಯ ಮುಳ್ಳು ಆ ಕಿರು ತಿರುವುಗಳಿಗೆ ಇಳಿಯಲಾರದು.

ಮೊದಲು ಕಾರ್ಟ್ರಿಡ್ಜ್ (ತೋಳಿನ ತುದಿಯಲ್ಲಿ ಮುಳ್ಳನ್ನು ಹಿಡಿದಿರುವ ಭಾಗ) ಕೂತ ಕೋನ ನೋಡಿ. ಕೋನ ಅಳೆಯಲು ಅಚ್ಚು ಹಾಕಿಕೊಳ್ಳುವ ಬೇರ್‌ವಾಲ್ಡ್ ಪ್ರೊಟ್ರಾಕ್ಟರ್ ಹಾಳೆಯಲ್ಲಿ, ನಡುಕಂಬಿಯ ಕೇಂದ್ರದಿಂದ 66 ಮತ್ತು 120.9 ಮಿ.ಮೀ. ದೂರದ ಎರಡೂ ಬಿಂದುಗಳಲ್ಲಿ ಕಾರ್ಟ್ರಿಡ್ಜ್ ಹಾಳೆಯ ಮೇಲಿನ ಗೆರೆಗೆ ಸಮಾನಾಂತರ ಇರಬೇಕು. ಹಾಳೆ ಅಚ್ಚಾದ ಮೇಲೆ ಅಳತೆಯನ್ನು ಸ್ಕೇಲಿನಿಂದ ಪರೀಕ್ಷಿಸಿ. ಪ್ರಿಂಟರ್ 'ಪುಟಕ್ಕೆ ಹೊಂದಿಸು' ಎಂದು ಕುಗ್ಗಿಸಿದ್ದರೆ ಇಡೀ ಕೆಲಸ ದಂಡ. ಆಮೇಲೆ ಮುಳ್ಳು ತಟ್ಟೆಯನ್ನು ಒತ್ತುವ ಭಾರ. ಕಾರ್ಟ್ರಿಡ್ಜ್ ಆಡಿಯೊ-ಟೆಕ್ನಿಕಾ ಎಟಿ-ವಿಎಂ95ಇ ಆದರೆ 2.0 ಗ್ರಾಂ, ಅಕ್ಕಸಾಲಿಗರ ಬಳಿ ಇರುವಂಥ ಪುಟ್ಟ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ತಟ್ಟೆ ಸವೆಯಬಾರದೆಂದು ಭಾರ ಕಡಿಮೆ ಮಾಡುವವರು ಬಹಳ ಜನ. ಆಗುವುದು ತಿರುಗುಮುರುಗು: ಹಗುರಾದ ಮುಳ್ಳು ಗೆರೆಯಲ್ಲಿ ಕುಣಿದು, ಬಿದ್ದಲ್ಲೆಲ್ಲ ಉಳಿಯಂತೆ ಕೆತ್ತುತ್ತದೆ. ಬಲ ಸ್ಪೀಕರಿನಲ್ಲಿ ಮಾತ್ರ ಕರಕರ ಇದ್ದರೆ ಆ್ಯಂಟಿ-ಸ್ಕೇಟಿಂಗ್ (ತೋಳು ಒಳಗೆ ಜಾರದಂತೆ ಹಿಡಿಯುವ ಎಳೆತ) ಸಾಲದು, ಸ್ವಲ್ಪ ಸ್ವಲ್ಪ ಏರಿಸಿ.

ಇಷ್ಟೆಲ್ಲ ಸರಿಯಿದ್ದೂ ಉಳಿದರೆ ಅದೇ ಕಾರ್ಟ್ರಿಡ್ಜಿಗೆ ಕೂರುವ ಎಂಎಲ್ (ಮೈಕ್ರೊಲೀನಿಯರ್, ಇನ್ನೂ ಸೂಕ್ಷ್ಮ ತುದಿಯ) ಮುಳ್ಳು ಹಾಕಿ ನೋಡಿ. ಅದರಲ್ಲೂ ಹೋಗದಿದ್ದರೆ ಹಿಂದಿನ ಒಡೆಯರ ಮುಳ್ಳು ಗೆರೆ ತಿಂದು ಮುಗಿಸಿದೆ. ಅದಕ್ಕೆ ಮದ್ದಿಲ್ಲ.

ಮಳೆಗಾಲದಲ್ಲಿ ತಟ್ಟೆಗಳಿಗೆ ಬೂಷ್ಟು ಹಿಡಿಯುತ್ತದೆ. ಝೆರಾಕ್ಸ್ ಮಾಡಿದ ಹೊದಿಕೆಗಳು ಪ್ಲಾಸ್ಟಿಕ್‌ಗೆ ಅಂಟುತ್ತಿವೆ. ಏನು ಮಾಡಲಿ?
ಎಸ್.ಬಿ., ಮಂಗಳೂರು

ಅಂಟುತ್ತಿರುವುದು ಟೋನರ್. ಮೆತ್ತಗಿನ ಪಿವಿಸಿ ಚೀಲದಲ್ಲಿರುವ ಪ್ಲಾಸ್ಟಿಸೈಜರ್ (ಪ್ಲಾಸ್ಟಿಕ್ಕನ್ನು ಮೆತ್ತಗಾಗಿಸಲು ಬೆರೆಸುವ ರಾಸಾಯನಿಕ) ಝೆರಾಕ್ಸ್ ಮಸಿಯನ್ನು ಮೆದುವಾಗಿಸುತ್ತದೆ. ಎಳೆದಾಗ ಅಕ್ಷರವೆಲ್ಲ ಚೀಲಕ್ಕೆ ಹೋಗುತ್ತದೆ. ಈ ತಂಡಗಳ ಹೊದಿಕೆ, ಪದ್ಯದ ಹಾಳೆ ಎಲ್ಲ ಝೆರಾಕ್ಸ್ ಕಲೆಯೇ ಆದ್ದರಿಂದ ಪಿವಿಸಿ ಚೀಲಗಳನ್ನು ಇವತ್ತೇ ತೆಗೆದು ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್ ಹಾಕಿ. ಪಿವಿಸಿ ತಟ್ಟೆಯ ಮೇಲೂ ಮಂಜಿನಂಥ ಕಲೆ ಬಿಡುತ್ತದೆ, ಅದು ತೊಳೆದರೂ ಹೋಗುವುದಿಲ್ಲ. ಆಗಲೇ ಅಂಟಿದ್ದನ್ನು ಎಳೆಯಬೇಡಿ. ಚೀಲವನ್ನು ಅಂಚಿನಿಂದ ಕತ್ತರಿಸಿ, ಬಿಟ್ಟುಕೊಂಡಷ್ಟನ್ನು ಬಿಡಿಸಿ, ಉಳಿದದ್ದನ್ನು ಹಾಗೇ ಇರಿಸಿ.

ಬೂಷ್ಟಿಗೆ ದ್ರಾವಣ: ಡಿಸ್ಟಿಲ್ಡ್ ನೀರು 750 ಮಿ.ಲೀ., ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್ 250 ಮಿ.ಲೀ., ಸುವಾಸನೆ ಇಲ್ಲದ ಪಾತ್ರೆ ಸೋಪಿನ ದ್ರವ ಎರಡೇ ಹನಿ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು, ಒಣ ಬೂಷ್ಟನ್ನು ಮನೆಯ ಹೊರಗೆ ಮೆತ್ತನೆ ಬ್ರಷ್‌ನಿಂದ ಕೊಡವಿ. ಒಳಗೆ ಕೊಡವಿದರೆ ಪಕ್ಕದ ತಟ್ಟೆಗಳಿಗೆ ಬಿತ್ತನೆ ಮಾಡಿದಂತೆ. ಲೇಬಲ್‌ಗೆ ತಾಗದಂತೆ ದ್ರಾವಣ ಹಚ್ಚಿ, ಎರಡು ನಿಮಿಷ ಬಿಟ್ಟು, ಗೆರೆಯ ದಿಕ್ಕಿನಲ್ಲೇ ಮೈಕ್ರೊಫೈಬರ್ ಬಟ್ಟೆಯಿಂದ ಒರೆಸಿ. ಆಮೇಲೆ ಬರೀ ಡಿಸ್ಟಿಲ್ಡ್ ನೀರಿನಿಂದ ಇನ್ನೊಂದು ಸಲ. ಈ ಎರಡನೆಯ ತೊಳೆತ ಬಿಟ್ಟರೆ ಸೋಪು ಗೆರೆಯಲ್ಲಿ ಒಣಗಿ ಮುಳ್ಳಿಗೆ ಮೆತ್ತಿಕೊಳ್ಳುತ್ತದೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಸುಣ್ಣ ಕೂತು ಹೊಸ ಚಟಪಟ ಶುರುವಾಗುತ್ತದೆ. ನೆಟ್ಟಗೆ ನಿಲ್ಲಿಸಿ ಗಾಳಿಯಲ್ಲಿ ಪೂರ್ತಿ ಒಣಗಿಸಿ. ಹಳೆಯ ಒಳಚೀಲ ಎಸೆಯಿರಿ, ಬೀಜ ಅದರಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ಅಜ್ಜನ ಕಾಲದ ನಾಟಕದ ಹಾಡಿನ 78 ಸುತ್ತಿನ ಪ್ಲೇಟುಗಳು ಅದೇ ಕಪಾಟಿನಲ್ಲಿದ್ದರೆ ಈ ದ್ರಾವಣ ಅವುಗಳಿಗೆ ಸೋಕದಿರಲಿ. ಅವು ಅರಗಿನವು, ಆಲ್ಕೊಹಾಲ್ ತಾಗಿದರೆ ಕರಗುತ್ತವೆ.

ಹೆಲ್‌ಬಾಸ್ಟರ್ಡ್ ತಂಡದ 'ರಿಪ್ಪರ್ ಕ್ರಸ್ಟ್' (1986) ಡೆಮೊದ ಕ್ಯಾಸೆಟ್ ನಕಲು ಸಿಕ್ಕಿದೆ. ಸದ್ದು ಕಂಬಳಿ ಹೊದ್ದಂತಿದೆ. ಕಂಪ್ಯೂಟರಿಗೆ ಇಳಿಸುವುದು ಹೇಗೆ?
ವಿ.ಜಿ., ಶಿವಮೊಗ್ಗ

ಕ್ರಸ್ಟ್ ಎಂಬ ಹೆಸರೇ ಈ ಡೆಮೊದಿಂದ ಬಂತೆಂದು ಹೇಳುತ್ತಾರೆ, ಜೋಪಾನ. ಕಂಬಳಿಗೆ ಕಾರಣ ಸಾಮಾನ್ಯವಾಗಿ ಮೂರು. ಡೆಕ್‌ನ ಡಾಲ್ಬಿ (ಟೇಪಿನ ಹಿಸ್, ಅಂದರೆ ಸುಯ್ಯೆನ್ನುವ ಸದ್ದು, ತಗ್ಗಿಸುವ) ಗುಂಡಿ ಒತ್ತಿರಬಹುದು. ಡಾಲ್ಬಿ ಇಲ್ಲದೆ ಮುದ್ರಿಸಿದ ಟೇಪಿಗೆ ಅದನ್ನು ಹಾಕಿದರೆ ಮೇಲಿನ ಸ್ವರವೆಲ್ಲ ಮಂಕು. ಆರಿಸಿ ನೋಡಿ. ಟೇಪನ್ನು ಓದುವ ಹೆಡ್ ಕೊಳಕಾಗಿರಬಹುದು; ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ. ಮೂರನೆಯದು ಅಜಿಮತ್: ಮುದ್ರಿಸಿದ ಡೆಕ್‌ನ ಹೆಡ್ ಓರೆಗೂ ನಿಮ್ಮದಕ್ಕೂ ತಾಳೆಯಿಲ್ಲ. ಹೆಡ್ ಪಕ್ಕದ ಸ್ಕ್ರೂನ ಈಗಿನ ಸ್ಥಾನವನ್ನು ಮೊದಲು ಗುರುತು ಮಾಡಿಕೊಳ್ಳಿ. ಆಂಪ್ಲಿಫೈಯರನ್ನು ಮೊನೊಗೆ ಹಾಕಿ, ಟೇಪ್ ಓಡುತ್ತಿರುವಾಗ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ. ಸಿಂಬಲ್ ಅತಿ ಚೂಪಾಗಿ ಕೇಳಿದ ಜಾಗದಲ್ಲಿ ನಿಲ್ಲಿಸಿ. ಸ್ಟೀರಿಯೊದಲ್ಲಿ ಈ ಕೆಲಸ ಮಾಡಿದರೆ ಕಿವಿಗೆ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ.

ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಉದುರಿದ್ದರೆ ಸದ್ದು ಬಂದು ಹೋಗಿ ಮಾಡುತ್ತದೆ. ಸ್ಕ್ರೂ ಇರುವ ಬೇರೊಂದು ಕ್ಯಾಸೆಟ್ ಚಿಪ್ಪಿಗೆ ಸುರುಳಿಗಳನ್ನು ವರ್ಗಾಯಿಸಿ. ಮುದ್ರಿಸುವ ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಬಿಗಿ ಸಡಿಲವಾಗುತ್ತದೆ. ಕಂಪ್ಯೂಟರಿನಲ್ಲಿ ಮುದ್ರಿಸುವ ಮಟ್ಟ 24 ಬಿಟ್, 48 ಕಿಲೊಹರ್ಟ್ಸ್ ಇರಲಿ; ಅತಿ ಜೋರಿನ ಜಾಗ ಮೈನಸ್ 6 ಡೆಸಿಬೆಲ್ ದಾಟದಿರಲಿ. ಹಿಸ್ ತೆಗೆಯುವ ಸಾಫ್ಟ್‌ವೇರ್ ಈ ಸಂಗೀತಕ್ಕೆ ಶತ್ರು: ಗಿಟಾರಿನ ಕರಕರಕ್ಕೂ ಟೇಪಿನ ಹಿಸ್‌ಗೂ ಭೇದ ತಿಳಿಯದೆ ಎರಡನ್ನೂ ಕೆರೆದು ನೀರಿನಡಿಯ ಗುಳುಗುಳು ಉಳಿಸುತ್ತದೆ. ವೇಗ ತಪ್ಪಿದ್ದರೆ ಮಾತ್ರ ತಿದ್ದಿ. ನಕಲಿನ ನಕಲಿನಲ್ಲಿ ಇದು ಮಾಮೂಲು; ಶೇ. 3ರಷ್ಟು ವ್ಯತ್ಯಾಸವಾದರೂ ಶ್ರುತಿ ಅರ್ಧ ಸೆಮಿಟೋನ್ ಸರಿಯುತ್ತದೆ. ತಿದ್ದಿದ್ದನ್ನು ಬೇರೆ ಫೈಲಿನಲ್ಲಿ ಉಳಿಸಿ, ಮೊದಲು ಇಳಿಸಿದ್ದನ್ನು ಮುಟ್ಟಬೇಡಿ.