ಕರೆಂಟು ಹರಿದರೆ ನೀರು, ಹರಿಯದಿದ್ದರೆ?

"ಎಣ್ಣೆ ನೀರಿನ ಮೇಲೆ ತೇಲುತ್ತದೆ. ಹಾಗಾದರೆ ನೆಲದಡಿಯಲ್ಲೂ ಮೇಲಿನ ಪದರ ಎಣ್ಣೆ, ಕೆಳಗಿನದು ನೀರು ಅಂದುಕೊಂಡರೆ ಮುಗೀತಲ್ವಾ? ತೈಲಬಾವಿಯಲ್ಲಿ ಯಾವ ಪದರದಲ್ಲಿ ಎಣ್ಣೆ, ಯಾವುದರಲ್ಲಿ ನೀರು ಅಂತ ತಿಳಿಯಲು ಇಷ್ಟೆಲ್ಲ ಯಂತ್ರ ಯಾಕೆ?" ಅಂತ ಓದುಗರೊಬ್ಬರು ಕೇಳಿದ್ದಾರೆ.

ನಿಮ್ಮ ಮಾತು ಅರ್ಧ ಸರಿ. ಒಂದೇ ಪದರದ ಒಳಗಾದರೆ ಸಾಮಾನ್ಯವಾಗಿ ಗ್ಯಾಸ್ ಮೇಲೆ, ಎಣ್ಣೆ ನಡುವೆ, ನೀರು ಕೆಳಗೆ. ಆದರೆ ಕೆಳಗಿರುವುದು ಒಂದೇ ಪಾತ್ರೆಯಲ್ಲ. ಮರಳುಗಲ್ಲು, ಜೇಡಿಗಲ್ಲು, ಮತ್ತೆ ಮರಳುಗಲ್ಲು ಹೀಗೆ ಅಡುಕಿಟ್ಟ ಹಾಗೆ ಕೂತಿರುತ್ತವೆ. ನಡುವಿನ ಜೇಡಿಗಲ್ಲು ಮುಚ್ಚಳದ ಕೆಲಸ ಮಾಡಿದರೆ ಮೇಲಿನ ಪದರದಲ್ಲಿ ಬರೀ ನೀರು, ಅದರ ಕೆಳಗಿನದರಲ್ಲಿ ಎಣ್ಣೆ ಇರಬಹುದು. ಇನ್ನೊಂದು ವಿಷಯ, ಅಲ್ಲಿ ಎಣ್ಣೆಯ ಕೆರೆ ಇಲ್ಲ. ಮರಳಿನ ಕಾಳುಗಳ ಸಂದಿಯಲ್ಲಿ ಎಣ್ಣೆ ಇರುತ್ತದೆ, ಕಾಳಿಗೆ ಅಂಟಿಕೊಂಡು ಒಂದಿಷ್ಟು ನೀರೂ ಇರುತ್ತದೆ.

ಇದನ್ನು ಗುರುತಿಸುವ ಹಳೆಯ ಉಪಾಯ ಕರೆಂಟು. 1927ರಲ್ಲಿ ಫ್ರಾನ್ಸಿನ ಪೆಶೆಲ್‌ಬ್ರಾನ್‌ನಲ್ಲಿ ಶ್ಲಂಬರ್ಜೆ ಸಹೋದರರ ತಂಡ ತೈಲಬಾವಿಯೊಳಗೆ ಎಲೆಕ್ಟ್ರೋಡ್ (ಕರೆಂಟು ಹಾಯಿಸುವ ಲೋಹದ ತುಂಡು) ಇಳಿಸಿ, ಅಲ್ಲಲ್ಲಿ ನಿಲ್ಲಿಸಿ ಕಲ್ಲು ಕರೆಂಟಿಗೆ ಎಷ್ಟು ಅಡ್ಡಿ ಮಾಡುತ್ತದೆ ಅಂತ ಅಳೆದು, ಗ್ರಾಫನ್ನು ಕೈಯಲ್ಲೇ ಬರೆಯಿತು. ಆಳದ ನೀರು ಸಾಮಾನ್ಯವಾಗಿ ಉಪ್ಪು, ಅದರಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ. ಎಣ್ಣೆಯಲ್ಲಿ ಹರಿಯುವುದಿಲ್ಲ. 1942ರಲ್ಲಿ ಆರ್ಚಿ ಎಂಬ ಎಂಜಿನಿಯರ್ ಇದಕ್ಕೊಂದು ಸೂತ್ರ ಕೊಟ್ಟರು. ಲೆಕ್ಕ ಮಾಡಿಯೇ ನೋಡೋಣ. ಕಲ್ಲಿನಲ್ಲಿ ಶೇ 20ರಷ್ಟು ಸಂದಿ ಇದೆ, ಅಲ್ಲಿನ ನೀರಿನ ರೆಸಿಸ್ಟಿವಿಟಿ (ಕರೆಂಟಿಗೆ ಒಡ್ಡುವ ಅಡ್ಡಿಯ ಅಳತೆ) 0.05 ಓಮ್-ಮೀಟರ್ ಅಂತಿಟ್ಟುಕೊಳ್ಳಿ. ಸಂದಿಯೆಲ್ಲ ನೀರೇ ಆಗಿದ್ದರೆ, ಸೂತ್ರದ ಪ್ರಕಾರ 0.05ನ್ನು 0.2ರ (ಅಂದರೆ ಶೇ 20ರ) ವರ್ಗದಿಂದ ಭಾಗಿಸಿದಾಗ ಬರುವ 1.25ನ್ನು ಕಲ್ಲು ತೋರಿಸಬೇಕು. ಉಪಕರಣ 20 ತೋರಿಸಿತು. 1.25ನ್ನು 20ರಿಂದ ಭಾಗಿಸಿ ವರ್ಗಮೂಲ ತೆಗೆದರೆ 0.25. ಅಂದರೆ ಸಂದಿಯಲ್ಲಿ ನೀರು ಕಾಲು ಭಾಗ ಮಾತ್ರ, ಉಳಿದ ಮುಕ್ಕಾಲು ಎಣ್ಣೆ ಅಥವಾ ಗ್ಯಾಸ್.

ಸುಮ್ನೆ ನಂಬಿಬಿಡಬೇಡಿ ಮತ್ತೆ. ಈ ಉಪಕರಣ ಎಣ್ಣೆಯನ್ನು ನೋಡುವುದೇ ಇಲ್ಲ, ಉಪ್ಪುನೀರು ಎಷ್ಟು ಕಡಿಮೆ ಇದೆ ಅಂತಷ್ಟೇ ಹೇಳುತ್ತದೆ. ಪದರದಲ್ಲಿ ಸಿಹಿನೀರಿದ್ದರೆ ಅದೂ ಎಣ್ಣೆಯ ಹಾಗೇ ಕಾಣುತ್ತದೆ. ಸಂದಿಯೇ ಇಲ್ಲದ ಗಟ್ಟಿ ಕಲ್ಲೂ ಹಾಗೇ. ಉಲ್ಟಾ ಕೂಡ ಆಗುತ್ತದೆ: ಮರಳಿನಲ್ಲಿ ಜೇಡಿ ಜಾಸ್ತಿ ಇದ್ದರೆ ಆ ಜೇಡಿ ಹಿಡಿದಿಟ್ಟ ನೀರಿನಲ್ಲೇ ಕರೆಂಟು ಹರಿದು, ಒಳ್ಳೆಯ ಎಣ್ಣೆ ಪದರವನ್ನು ನೀರಿನದು ಅಂತ ಬಿಟ್ಟುಹೋಗುವ ಹಾಗಾಗುತ್ತದೆ. ಸಾಲದ್ದಕ್ಕೆ ಬಾವಿ ಕೊರೆಯಲು ಬಳಸುವ ಕೆಸರಿನ ನೀರು ಪಕ್ಕದ ಕಲ್ಲಿಗೆ ನುಗ್ಗಿ, ಅಲ್ಲಿದ್ದದ್ದನ್ನು ಹಿಂದಕ್ಕೆ ತಳ್ಳಿರುತ್ತದೆ. ಅದಕ್ಕೇ ಬಾವಿಯ ಗೋಡೆಯ ಹತ್ತಿರ ಒಂದು ಸಲ, ದೂರಕ್ಕೆ ಇನ್ನೊಂದು ಸಲ ಅಳೆಯುತ್ತಾರೆ.

ನನ್ನ ಕೇಳಿದರೆ ಜಾಸ್ತಿ ನಂಬಿಕೆಗೆ ಅರ್ಹವಾದದ್ದು ಒತ್ತಡ. 10 ಮೀಟರ್ ಇಳಿದರೆ ನೀರಿನಲ್ಲಿ ಒತ್ತಡ ಸುಮಾರು 1 ಬಾರ್ ಏರುತ್ತದೆ, ಹಗುರ ಎಣ್ಣೆಯಲ್ಲಿ 0.7ರಿಂದ 0.8. ಬೇರೆಬೇರೆ ಆಳದಲ್ಲಿ ಅಳೆದು ಗ್ರಾಫಿಗೆ ಹಾಕಿದರೆ ಎರಡು ಗೆರೆ ಬರುತ್ತವೆ, ಅವು ಸೇರುವ ಆಳದ ಆಸುಪಾಸಿನಲ್ಲಿ ಎಣ್ಣೆ ಮುಗಿದು ನೀರು ಶುರು. ನಿಮ್ಮ ತೇಲುವ ಎಣ್ಣೆಯ ತರ್ಕ ಇಲ್ಲೇ ಕೆಲಸಕ್ಕೆ ಬರುವುದು!

ಆದರೆ ಆ ಗಡಿ ಲೋಟದಲ್ಲಿ ಕಾಣುವಷ್ಟು ಚೊಕ್ಕವಾಗಿರುವುದಿಲ್ಲ. ಸಂದಿ ಸಣ್ಣದಿದ್ದಷ್ಟೂ ನೀರು, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ, ಮೇಲಕ್ಕೆ ಏರಿ ಕೂತಿರುತ್ತದೆ. ಅಲ್ಲಿ ಬಾವಿ ತೆರೆದರೆ ಎರಡೂ ಒಟ್ಟಿಗೇ ಬರುತ್ತವೆ.

– ಸಂಪಾದಕ