ರೆಸಿಸ್ಟರ್ ಮತ್ತೆ ಮತ್ತೆ ಸುಡುತ್ತಿದೆಯೇ? ಮೋಟರ್ ನೋಡಿ

ಪ್ರಶ್ನೆ: ನಮ್ಮ ಕಾರಿಗೆ ಹದಿನೆಂಟು ವರ್ಷ. ಹೀಟರ್ ಬ್ಲೋವರ್ (ಗಾಳಿ ಊದುವ ಫ್ಯಾನ್) ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ. ಎರಡು ತಿಂಗಳ ಹಿಂದೆ ಅದರ ವೇಗ ತಗ್ಗಿಸುವ ರೆಸಿಸ್ಟರ್ ಬದಲಾಯಿಸಿದಾಗ ಸರಿಹೋಗಿತ್ತು, ಈಗ ಮತ್ತೆ ಹಾಗೇ ಆಗಿದೆ. ಸ್ವಿಚ್ ಕೆಟ್ಟಿರಬಹುದೇ?

ಉತ್ತರ: ಸ್ವಿಚ್ಚಿಗಿಂತ ಮೊದಲು ಮೋಟರಿನ ಮೇಲೆ ಅನುಮಾನಪಡಿ. ನಾಲ್ಕನೇ ಸ್ಪೀಡಿನಲ್ಲಿ ಕರೆಂಟ್ ರೆಸಿಸ್ಟರನ್ನು ಬಿಟ್ಟು ನೇರವಾಗಿ ಮೋಟರಿಗೆ ಹೋಗುತ್ತದೆ. ಉಳಿದ ಮೂರಕ್ಕೂ ರೆಸಿಸ್ಟರೇ ದಾರಿ; ಅದರಲ್ಲಿರುವ ಥರ್ಮಲ್ ಫ್ಯೂಸ್ (ಹೆಚ್ಚು ಬಿಸಿಯಾದರೆ ಕರೆಂಟ್ ಕಡಿಯುವ ಫ್ಯೂಸ್) ಹೋದರೆ ಮೂರೂ ಒಟ್ಟಿಗೆ ನಿಲ್ಲುತ್ತವೆ. ಹೊಸ ರೆಸಿಸ್ಟರೂ ಇಷ್ಟು ಬೇಗ ಹೋಗಿದೆಯೆಂದರೆ, ಮೋಟರ್ ಬಿಗಿಯಾಗಿ ಹೆಚ್ಚು ಕರೆಂಟ್ ಎಳೆಯುತ್ತಿರುವ ಸಾಧ್ಯತೆಯೇ ಹೆಚ್ಚು.

ಬ್ಯಾಟರಿಯ ಮೈನಸ್ ವೈರ್ ತೆಗೆದು, ಬ್ಲೋವರ್ ಬಿಚ್ಚಿ. ಹಲವು ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಕೆಳಗೆ ಮೂರು ಸ್ಕ್ರೂಗಳ ಮೇಲೆ ಕೂತಿರುತ್ತದೆ. ಬ್ಲೋವರಿನ ಚಕ್ರವನ್ನು ಬೆರಳಿನಿಂದ ತಿರುಗಿಸಿ ಬಿಡಿ. ಒಳ್ಳೆಯ ಮೋಟರ್ ಇನ್ನೂ ಒಂದಿಷ್ಟು ಸುತ್ತಿ ನಿಧಾನವಾಗಿ ನಿಲ್ಲುತ್ತದೆ. ಬೆರಳು ತೆಗೆದ ಕೂಡಲೇ ನಿಂತರೆ, ಇಲ್ಲವೇ ಕರಕರ ಎಂದರೆ, ಬೇರಿಂಗ್ ಒಣಗಿದೆ. ಎಣ್ಣೆ ಬಿಟ್ಟರೆ ಕೆಲವು ದಿನ ನಡೆದೀತು, ಆದರೆ ಮೋಟರ್ ಬದಲಿಸುವುದೇ ಸರಿ. ಚಕ್ರದಲ್ಲಿ ಒಣಎಲೆ ಸಿಕ್ಕಿಕೊಂಡಿದೆಯೇ ಎಂದೂ ನೋಡಿ.

ಮೋಟರ್ ಹಗುರವಾಗಿ ತಿರುಗಿದರೆ ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಫಿಲ್ಟರ್ ಕಟ್ಟಿದರೆ ಮೋಟರಿಗೆ ಹೊರೆ ಹೆಚ್ಚುವುದಿಲ್ಲ, ನಿಜ. ಆದರೆ ರೆಸಿಸ್ಟರ್ ತಣ್ಣಗಿರುವುದು ಬ್ಲೋವರಿನ ಗಾಳಿಯಿಂದಲೇ. ಅದಕ್ಕಾಗಿಯೇ ಅದನ್ನು ಗಾಳಿಯ ದಾರಿಯಲ್ಲಿ ಕೂರಿಸಿರುತ್ತಾರೆ. ಗಾಳಿ ಕಡಿಮೆಯಾದರೆ ಸುಡುತ್ತದೆ.

ರೆಸಿಸ್ಟರಿನ ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ. ಪ್ಲಾಸ್ಟಿಕ್ ಕಂದಾಗಿ, ಒಂದು ಪಿನ್ನಿನ ಸುತ್ತ ಕರಗಿ ಗುಂಡಿ ಬಿದ್ದಿದ್ದರೆ ಆ ಪಿನ್ನಿನ ಹಿಡಿತ ಸಡಿಲವಾಗಿದೆ. ಹೊಸ ರೆಸಿಸ್ಟರನ್ನು ಇದೇ ಕನೆಕ್ಟರಿಗೆ ಸಿಕ್ಕಿಸಿದರೆ ಅದೂ ಉಳಿಯದು. ವೈರ್ ಸಮೇತ ಹೊಸ ಕನೆಕ್ಟರ್ ಹಾಕಿ, ಜೋಡಣೆಯನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿಮಾಡಿ).

ದಯವಿಟ್ಟು ಥರ್ಮಲ್ ಫ್ಯೂಸಿನ ಜಾಗಕ್ಕೆ ತಂತಿ ಬೆಸೆಯಬೇಡಿ, ಹೆಚ್ಚು ಆಂಪಿಯರಿನ ಫ್ಯೂಸನ್ನೂ ಹಾಕಬೇಡಿ. ಡ್ಯಾಶ್‌ಬೋರ್ಡಿನ ಒಳಗೆ ಬೆಂಕಿ ಹತ್ತಿಕೊಳ್ಳುವುದು ಹೀಗೆಯೇ.

ಪ್ರಶ್ನೆ: ಯಾವ ಸ್ಪೀಡಿನಲ್ಲೂ ತಿರುಗದ ಬ್ಲೋವರ್, ಗ್ಲೋವ್ ಬಾಕ್ಸಿನ ಕೆಳಗೆ ಗುದ್ದಿದರೆ ಶುರುವಾಗುತ್ತದೆ. ಏಕೆ?

ಉತ್ತರ: ಮೋಟರಿನ ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಾರ್ಬನ್ ಬ್ರಷ್ ಸವೆದಿರಬೇಕು, ಗುದ್ದಿದಾಗ ಆ ಭಾಗದ ಮೇಲಿನ ತಾಮ್ರದ ಪಟ್ಟಿಗಳಿಗೆ (ಕಮ್ಯುಟೇಟರಿಗೆ) ತಾಗಿಕೊಳ್ಳುತ್ತದೆ. ಖಚಿತಪಡಿಸಿಕೊಳ್ಳಲು, ಬ್ಲೋವರ್ ನಿಂತಿರುವಾಗ ಸ್ವಿಚ್ ನಾಲ್ಕಕ್ಕೆ ಇಟ್ಟು, ಕನೆಕ್ಟರ್ ಕಳಚದೆ ಮೋಟರಿನ ಎರಡು ಪಿನ್ನುಗಳ ನಡುವೆ ವೋಲ್ಟೇಜ್ ಅಳೆಯಿರಿ. ಸುಮಾರು 12 ವೋಲ್ಟ್ ಇದ್ದೂ ತಿರುಗದಿದ್ದರೆ ದೋಷ ಮೋಟರಿನದೇ. ವೋಲ್ಟೇಜೇ ಇಲ್ಲದಿದ್ದರೆ ಫ್ಯೂಸ್, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಸ್ವಿಚ್, ಅರ್ಥಿಂಗ್ ಈ ಕ್ರಮದಲ್ಲಿ ಹುಡುಕಿ.